ಮಂಗಳೂರಿಗೆ ಬಂದ ಪತ್ರ, ಕೈರೋದ ಕೋಣೆ, ಕಂಪ್ಯೂಟರಿನ ಪರದೆ

ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮತ್ತೊಬ್ಬ ಲಂಡನಿನಲ್ಲಿ ಕುಳಿತು ಒಂದೇ ಕೆಲಸ ಮಾಡುವುದು ಇಂದು ಯಾರಿಗೂ ಅಚ್ಚರಿಯ ವಿಷಯವಲ್ಲ. 2020ರ ಕೊರೋನಾ ಕಾಲದಲ್ಲಂತೂ ಶಾಲೆ, ಕಚೇರಿ, ನ್ಯಾಯಾಲಯ ಎಲ್ಲವೂ ಪರದೆಯ ಮೇಲೆ ಬಂದವು. ಹೀಗಾಗಿ ದೂರದಲ್ಲಿದ್ದುಕೊಂಡು ಒಟ್ಟಾಗಿ ದುಡಿಯುವುದು ಕಂಪ್ಯೂಟರ್ ಯುಗದ ಕೊಡುಗೆ ಎಂದೇ ನಾವು ತಿಳಿದುಕೊಂಡಿದ್ದೇವೆ. ಆದರೆ ಸುಮಾರು 890 ವರ್ಷಗಳ ಹಿಂದೆ ಮಂಗಳೂರಿನಲ್ಲಿ ನೆಲೆಸಿದ್ದ ಒಬ್ಬ ವ್ಯಾಪಾರಿ, ಏಡನ್‌ನಲ್ಲಿದ್ದ ತನ್ನ ಪಾಲುದಾರರೊಂದಿಗೆ ಇದೇ ರೀತಿ ದುಡಿಯುತ್ತಿದ್ದ. ಅವರ ನಡುವೆ ಇದ್ದದ್ದು ಕಾಗದ, ಮಸಿ ಮತ್ತು ಮಳೆಗಾಲದ ಗಾಳಿ ಮಾತ್ರ.

ಆ ಪತ್ರಗಳು ಇಂದಿಗೂ ಉಳಿದಿವೆ. ಚೂರುಚೂರಾಗಿ ಹಲವು ದೇಶಗಳ ಗ್ರಂಥಾಲಯಗಳಲ್ಲಿ ಹಂಚಿಹೋಗಿರುವ ಆ ಕಾಗದಗಳನ್ನು ಒಟ್ಟುಗೂಡಿಸಿ ಓದಲು, ಒಬ್ಬರ ಮುಖ ಇನ್ನೊಬ್ಬರು ಕಾಣದ ಎಷ್ಟೋ ವಿದ್ವಾಂಸರು ಇಂದು ಕಂಪ್ಯೂಟರಿನ ಮೂಲಕ ಜೊತೆಯಾಗಿ ದುಡಿಯುತ್ತಿದ್ದಾರೆ. ಅಂದಿನ ವ್ಯಾಪಾರಿಗಳ ಮತ್ತು ಇಂದಿನ ವಿದ್ವಾಂಸರ ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಕಲಿಯಲು ಬೇಕಾದಷ್ಟಿದೆ.

ಎಸೆಯಬಾರದ ಕಾಗದಗಳು

ಈಜಿಪ್ಟಿನ ಹಳೆಯ ಕೈರೋ, ಅಂದರೆ ಫುಸ್ತಾತ್‌ನಲ್ಲಿ, ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾಲಯವಿದೆ. ದೇವನಾಮವಿರಬಹುದಾದ ಬರಹವನ್ನು ಕಸಕ್ಕೆ ಎಸೆಯಬಾರದು ಎಂಬುದು ಯಹೂದಿಯರ ರೂಢಿ. ಅಂಥ ಕಾಗದಗಳನ್ನು ಹಾಕಿಡುವ ಕೋಣೆಗೆ ಗೆನಿಝಾ ಎಂದು ಹೆಸರು. ಮುಸ್ಲಿಮರಿಗೆ ಇದು ಅಪರಿಚಿತವಾದ ಭಾವನೆಯಲ್ಲ. ಹಳೆಯದಾದ ಖುರ್‌ಆನ್ ಹಾಳೆಗಳನ್ನು ಗೌರವದಿಂದ ತೆಗೆದಿಡುವ, ಮಣ್ಣಿನಲ್ಲಿ ಹೂಳುವ ಪದ್ಧತಿ ನಮ್ಮಲ್ಲೂ ಇದೆ. 1972ರಲ್ಲಿ ಯಮನಿನ ಸನಾ ನಗರದ ದೊಡ್ಡ ಮಸೀದಿಯನ್ನು ದುರಸ್ತಿ ಮಾಡುವಾಗ ಹಾಗೆ ತೆಗೆದಿಟ್ಟಿದ್ದ ಅತಿ ಪ್ರಾಚೀನ ಚರ್ಮಪತ್ರಗಳು ಸಿಕ್ಕಿದ್ದನ್ನು ಓದುಗರು ಕೇಳಿರಬಹುದು.

ಕೈರೋದ ಆ ಕೋಣೆಯಲ್ಲಿ ಧರ್ಮಗ್ರಂಥಗಳ ಹಾಳೆಗಳು ಮಾತ್ರ ಇರಲಿಲ್ಲ. ಮದುವೆಯ ಕರಾರು, ಸಾಲದ ಚೀಟಿ, ಅಂಗಡಿಯ ಲೆಕ್ಕ, ನ್ಯಾಯಾಲಯದ ದಾಖಲೆ, ಮಕ್ಕಳ ಅಕ್ಷರಾಭ್ಯಾಸ, ಎಲ್ಲವೂ ಅಲ್ಲಿ ಬಂದು ಬಿದ್ದಿದ್ದವು. ವ್ಯಾಪಾರಿಗಳ ಪತ್ರಗಳಲ್ಲಿ ಹೆಚ್ಚಿನವುಗಳ ಭಾಷೆ ಅರಬಿ, ಲಿಪಿ ಹೀಬ್ರೂ. ನಮ್ಮ ಕರಾವಳಿಯ ಮದ್ರಸಗಳಲ್ಲಿ ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆಯುತ್ತಿದ್ದುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು.

1896ರ ಡಿಸೆಂಬರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸೊಲೊಮನ್ ಶೆಕ್ಟರ್ ಕೈರೋಗೆ ಹೋದರು. ಸಮುದಾಯದ ಮುಖಂಡರ ಅನುಮತಿ ಪಡೆದು ಸುಮಾರು 1 ಲಕ್ಷ 93 ಸಾವಿರ ಚೂರುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಅವರಿಗಿಂತ ಮೊದಲು ಮತ್ತು ಅನಂತರ ಬೇರೆ ಬೇರೆಯವರು ಕೊಂಡುಹೋದ ಚೂರುಗಳು ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಸೇಂಟ್ ಪೀಟರ್ಸ್‌ಬರ್ಗ್, ಬುಡಾಪೆಸ್ಟ್, ಜೆರುಸಲೇಮ್ ಸೇರಿದವು. ಈಜಿಪ್ಟ್ ಆಗ ಬ್ರಿಟಿಷರ ಹಿಡಿತದಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ. ಹೀಗೆ ಒಂದೇ ಪತ್ರದ ಮೇಲಿನ ಅರ್ಧ ಒಂದು ದೇಶದಲ್ಲಿ, ಕೆಳಗಿನ ಅರ್ಧ ಇನ್ನೊಂದು ದೇಶದಲ್ಲಿ ಎಂಬಂತಾಯಿತು.

ಮಂಗಳೂರಿನ ಬೆನ್ ಯಿಜು

ಈ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳೂ ಇವೆ. ಈತ ಇಂದಿನ ಟ್ಯುನೀಸಿಯಾದ ಮಹ್ದಿಯ್ಯಾ ಪಟ್ಟಣದವನು. ಏಡನ್ ಮಾರ್ಗವಾಗಿ ಬಂದು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಅಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡುಗಡೆಗೊಳಿಸಿ ಆತ ಬರೆಸಿದ ಪತ್ರದಲ್ಲಿ 1132ರ ಅಕ್ಟೋಬರ್ 17ಕ್ಕೆ ಸರಿಹೊಂದುವ ತಾರೀಖು ಮತ್ತು ಮಂಗಳೂರಿನ ಹೆಸರು ಇವೆ. ಇಲ್ಲಿ ಆತ ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆ ನಡೆಸುತ್ತಿದ್ದ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಕರಗಿಸಲು ಹಳೆಯ ತಾಮ್ರ, ಸಕ್ಕರೆ, ಒಣದ್ರಾಕ್ಷಿ ಹಾಗೂ ಬರೆಯಲು ಕಾಗದ ಬರುತ್ತಿತ್ತು. ಇಲ್ಲಿ ಕಾಗದ ಸಿಗುವುದು ಕಷ್ಟವಾಗಿದ್ದುದರಿಂದ ಏಡನ್‌ನ ಗೆಳೆಯರು ಅದನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು.

ಮದ್ಮೂನ್ ಬಿನ್ ಹಸನ್, ಯೂಸುಫ್ ಬಿನ್ ಅಬ್ರಹಾಂ, ಖಲಫ್ ಬಿನ್ ಇಸ್‌ಹಾಕ್ ಇವರು ಏಡನ್‌ನ ಪಾಲುದಾರರು. ಮೂವರೂ ಯಹೂದಿಯರು. ಆದರೆ ಈ ವ್ಯವಹಾರದ ಜಾಲ ಒಂದು ಧರ್ಮದೊಳಗೆ ನಿಂತಿರಲಿಲ್ಲ. ಸರಕು ಸಾಗಿಸಿದ ನಾಖುದಾಗಳಲ್ಲಿ ಮುಸ್ಲಿಮರಿದ್ದರು. ಮಂಗಳೂರಿನ ಹಿಂದೂ ವ್ಯಾಪಾರಿಗಳಿಗೆ ಮದ್ಮೂನ್ ತನ್ನ ಪತ್ರಗಳಲ್ಲಿ ಸಂದೇಶ ಕಳುಹಿಸುತ್ತಿದ್ದ. ಏಡನ್‌ನ ಮುಸ್ಲಿಮ್ ಆಡಳಿತಗಾರ ಬಿಲಾಲ್ ಬಿನ್ ಜರೀರ್ ಮತ್ತು ಮದ್ಮೂನ್ ಕೂಡಿ ಹಡಗು ಕಟ್ಟಿಸಿದ್ದರು.

ಇವರ ಕೆಲಸದ ರೀತಿ ಹೇಗಿತ್ತು? ಗಾಳಿ ಅನುಕೂಲವಾದಾಗ ಮಾತ್ರ ಹಡಗು ಹೊರಡುತ್ತಿತ್ತು. ಇಂದು ಬರೆದ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮುಂದಿನ ಋತುವಿನ ತನಕ ಕಾಯಬೇಕು. ಹಡಗು ಮುಳುಗಬಹುದು, ಕಡಲ್ಗಳ್ಳರು ದೋಚಬಹುದು. ಆದ್ದರಿಂದ ಮುಖ್ಯ ಪತ್ರಗಳ ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವುದು ಆ ಕಾಲದ ವ್ಯಾಪಾರಿಗಳ ರೂಢಿಯಾಗಿತ್ತು. ಹಿಂದೆ ಬಂದ ಪತ್ರದಲ್ಲಿ ಏನಿತ್ತು ಎಂಬುದನ್ನು ಮೊದಲು ಉಲ್ಲೇಖಿಸಿ, ಬಳಿಕ ಯಾವ ಸರಕು ಯಾವ ನಾಖುದಾನ ಕೈಯಲ್ಲಿದೆ, ತೂಕವೆಷ್ಟು, ಸುಂಕವೆಷ್ಟು, ಯಾರ ಪಾಲೆಷ್ಟು ಎಂಬುದನ್ನು ಬರೆಯುತ್ತಿದ್ದರು. ಲೆಕ್ಕದಲ್ಲಿ ಮೋಸ ಮಾಡಿದವನ ಹೆಸರು ಬಂದರಿನಿಂದ ಬಂದರಿಗೆ ಕೆಡುತ್ತಿತ್ತು. ವಿಶ್ವಾಸವೇ ಅವರ ಬಂಡವಾಳವಾಗಿತ್ತು.

ಈ ಪತ್ರಗಳಲ್ಲಿ ಇನ್ನೊಬ್ಬ ವ್ಯಕ್ತಿ ಬರುತ್ತಾನೆ. ಆತ ಬೆನ್ ಯಿಜುವಿನ ದಾಸ. ಒಡೆಯನ ಪರವಾಗಿ ಏಡನ್‌ಗೆ ಹೋಗಿ ಸರಕು ಮಾರಿ ಖರೀದಿಸಿ ಬರುತ್ತಿದ್ದ ನಂಬಿಕೆಯ ಪ್ರತಿನಿಧಿಯೂ ಹೌದು. 1148ರಲ್ಲಿ ಖಲಫ್ ಏಡನ್‌ನಿಂದ ಬರೆದ ಪತ್ರವೊಂದರಲ್ಲಿ ಈತನಿಗೆ ವಿಶೇಷವಾಗಿ ಸಲಾಮು ಹೇಳಿದ್ದಾನೆ. ಹೀಬ್ರೂ ಲಿಪಿಯಲ್ಲಿ ಈತನ ಹೆಸರಿಗೆ ಇರುವುದು ಮೂರೇ ಅಕ್ಷರ: ಬ, ಮ, ಹ. ಅದನ್ನು ಉಚ್ಚರಿಸುವುದು ಹೇಗೆ? ವಿದ್ವಾಂಸರಾದ ಗೋಯ್ಟೀನ್ ಅದನ್ನು ‘ಬಾಮಾ’ ಎಂದು ಓದಿದ್ದರು. ಈ ವ್ಯಕ್ತಿಯ ಜಾಡು ಹಿಡಿದು ಮಂಗಳೂರಿಗೆ ಬಂದ ಲೇಖಕ ಅಮಿತಾವ್ ಘೋಷ್, ತುಳು ಜಾನಪದ ಬಲ್ಲ ಪ್ರೊ. ಬಿ.ಎ. ವಿವೇಕ ರೈ ಅವರೊಂದಿಗೆ ಚರ್ಚಿಸಿ, ಅದು ‘ಬೊಮ್ಮ’ ಎಂಬ ತೀರ್ಮಾನಕ್ಕೆ ಬಂದರು. ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪ್ರಕಟವಾದದ್ದು 1992ರಲ್ಲಿ. ಕೈರೋದ ಕಾಗದದಲ್ಲಿದ್ದ ಒಗಟನ್ನು ಬಿಡಿಸಲು ಕರಾವಳಿಯ ನುಡಿ ಬಲ್ಲವರ ನೆರವು ಬೇಕಾಯಿತು ಎಂಬುದು ಗಮನಾರ್ಹ. ದೂರದವರು ಕೂಡಿದಾಗ ಮಾತ್ರ ತಿಳಿಯುವ ಸತ್ಯಗಳಿವೆ.

27 ಸಾವಿರ ಕಾರ್ಡುಗಳು

ಗೆನಿಝಾದ ದಿನಬಳಕೆಯ ಕಾಗದಗಳಿಗೆ ಇತಿಹಾಸದಲ್ಲಿ ಸ್ಥಾನ ಕೊಟ್ಟವರು ಎಸ್.ಡಿ. ಗೋಯ್ಟೀನ್ (1900-1985). ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಅಲೆದು, ಮಸುಕಾದ ಅಕ್ಷರಗಳನ್ನು ಓದಿ, 27 ಸಾವಿರಕ್ಕೂ ಹೆಚ್ಚು ಕಾರ್ಡುಗಳಲ್ಲಿ ಅವರು ಟಿಪ್ಪಣಿ ಮಾಡಿಕೊಂಡರು. ‘ಎ ಮೆಡಿಟರೇನಿಯನ್ ಸೊಸೈಟಿ’ ಎಂಬ ಅವರ ಮಹಾಕೃತಿಯ ಮೊದಲ ಸಂಪುಟ 1967ರಲ್ಲಿ ಬಂತು. ಆದರೆ ಭಾರತದ ವ್ಯಾಪಾರಿಗಳ ಬಗ್ಗೆ 1950ರ ದಶಕದಲ್ಲೇ ಅವರು ಕೈಗೆತ್ತಿಕೊಂಡಿದ್ದ ಪುಸ್ತಕ ಅವರ ಜೀವಿತಾವಧಿಯಲ್ಲಿ ಮುಗಿಯಲಿಲ್ಲ. ಮೊರ್ದೆಖಾಯ್ ಫ್ರೀಡ್ಮನ್ ಅದನ್ನು ಮುಂದುವರಿಸಿ 2008ರಲ್ಲಿ ಹೊರತಂದರು. ಆಗ ಗೋಯ್ಟೀನ್ ತೀರಿಕೊಂಡು 23 ವರ್ಷಗಳಾಗಿದ್ದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಬ್ಬ ಮನುಷ್ಯ ಎಷ್ಟೇ ಪ್ರತಿಭಾವಂತನಾಗಿದ್ದರೂ ಸುಮಾರು 4 ಲಕ್ಷ ಚೂರುಗಳನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲನೇ? ನ್ಯೂಯಾರ್ಕಿನಲ್ಲಿ ಕಂಡ ಒಂದು ಹರಿದ ಅಂಚು ಹತ್ತು ವರ್ಷಗಳ ಹಿಂದೆ ಕೇಂಬ್ರಿಜ್‌ನಲ್ಲಿ ಕಂಡ ಅಂಚಿಗೆ ಕೂಡುತ್ತದೆಂದು ಹೊಳೆಯಬೇಕಾದರೆ ಅದೃಷ್ಟವೂ ಬೇಕು. ಹೊಳೆಯದಿದ್ದರೆ ಆ ಪತ್ರ ಅರ್ಧವಾಗಿಯೇ ಉಳಿಯುತ್ತದೆ. ಅದರಲ್ಲಿರುವ ಅಶು, ಬೊಮ್ಮನಂಥವರ ಬದುಕೂ ಅರ್ಧವಾಗಿಯೇ ಉಳಿಯುತ್ತದೆ.

ಪರದೆಯ ಮೇಲೆ ಕೂಡಿದ ಚೂರುಗಳು

ಗೋಯ್ಟೀನ್ ತೀರಿಕೊಂಡ ಮರುವರ್ಷ, 1986ರಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮಾರ್ಕ್ ಕೋಹೆನ್ ಮತ್ತು ಅಬ್ರಹಾಂ ಯುಡೋವಿಚ್ ಗೆನಿಝಾ ದಾಖಲೆಗಳ ಪಠ್ಯವನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ಆರಂಭಿಸಿದರು. ಇಂದು ಅಲ್ಲಿ 30 ಸಾವಿರಕ್ಕೂ ಮಿಕ್ಕಿ ದಾಖಲೆಗಳ ವಿವರಗಳು ಯಾರಿಗೆ ಬೇಕಾದರೂ ನೋಡಲು ತೆರೆದಿವೆ. ಗೋಯ್ಟೀನರ ಕಾರ್ಡುಗಳೂ ಅಲ್ಲಿ ಡಿಜಿಟಲ್ ರೂಪ ಪಡೆದಿವೆ. 1999ರಲ್ಲಿ ಟೊರಾಂಟೋದ ಆಲ್ಬರ್ಟ್ ಫ್ರೀಡ್‌ಬರ್ಗ್ ಅವರ ನೆರವಿನಿಂದ ಇನ್ನೊಂದು ಯೋಜನೆ ಹುಟ್ಟಿತು. ಎಲ್ಲ ಗ್ರಂಥಾಲಯಗಳ ಚೂರುಗಳ ಛಾಯಾಚಿತ್ರ ತೆಗೆದು ಒಂದೇ ಕಡೆ ಸಿಗುವಂತೆ ಮಾಡುವುದು ಅದರ ಗುರಿಯಾಗಿತ್ತು.

ಚಿತ್ರಗಳು ಒಂದೆಡೆ ಸೇರಿದ ಮೇಲೆ ಟೆಲ್ ಅವೀವ್‌ನ ಕಂಪ್ಯೂಟರ್ ತಜ್ಞರು, ಕೂಡಬಹುದಾದ ಚೂರುಗಳನ್ನು ಯಂತ್ರವೇ ಹುಡುಕುವಂತೆ ಮಾಡಿದರು. ಕೈಬರಹದ ರೀತಿ, ಸಾಲುಗಳ ನಡುವಿನ ಅಂತರ, ಅಕ್ಷರಗಳ ಗಾತ್ರ, ಅಂಚಿನ ಅಳತೆ ಇವನ್ನು ಹೋಲಿಸಿ ಯಂತ್ರವು ಸಂಭವನೀಯ ಜೋಡಿಗಳ ಪಟ್ಟಿ ಕೊಡುತ್ತದೆ. ಅದು ಕೊಡುವುದು ಸೂಚನೆ ಮಾತ್ರ. ‘ಹೌದು, ಇವೆರಡೂ ಒಂದೇ ಹಾಳೆ’ ಎಂದು ಹೇಳಬೇಕಾದವರು ಭಾಷೆ ಬಲ್ಲ ವಿದ್ವಾಂಸರೇ. ಒಬ್ಬರು ಕೂಡಿಸಿದ್ದನ್ನು ಇನ್ನೊಂದು ಖಂಡದಲ್ಲಿರುವವರು ನೋಡಿ ಒಪ್ಪಬಹುದು, ಇಲ್ಲವೇ ತಿದ್ದಬಹುದು.

2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಝೂನಿವರ್ಸ್ ಎಂಬ ವೇದಿಕೆಯ ಮೂಲಕ ಸಾಮಾನ್ಯ ಜನರನ್ನೇ ಕೆಲಸಕ್ಕೆ ಕರೆಯಿತು. ಈ ಚೂರಿನ ಲಿಪಿ ಹೀಬ್ರೂವೋ ಅರಬಿಯೋ ಎಂದು ಗುರುತಿಸಿದರೂ ಅದು ಸಹಾಯವೇ. ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ, ಅವರ ಉತ್ತರಗಳು ಕೂಡಿಬಂದರೆ ಮಾತ್ರ ಸ್ವೀಕರಿಸುವುದು ಇಲ್ಲಿನ ಕ್ರಮ. ಅಂದು ಒಂದೇ ಪತ್ರವನ್ನು ಹಲವು ಹಡಗುಗಳಲ್ಲಿ ಕಳುಹಿಸಿದರು. ಇಂದು ಒಂದೇ ಚಿತ್ರವನ್ನು ಹಲವು ಕಣ್ಣುಗಳ ಮುಂದಿಡುತ್ತಾರೆ. ಒಬ್ಬನನ್ನೇ ನೆಚ್ಚಿಕೊಂಡು ಎಲ್ಲವನ್ನೂ ಕಳೆದುಕೊಳ್ಳಬಾರದು ಎಂಬ ಎಚ್ಚರಿಕೆ ಎರಡರಲ್ಲೂ ಇದೆ.

ಈ ಕೂಡು ದುಡಿಮೆಯಿಂದ ಅಲಕ್ಷ್ಯಕ್ಕೊಳಗಾಗಿದ್ದ ಸಂಗತಿಗಳೂ ಬೆಳಕಿಗೆ ಬರುತ್ತಿವೆ. ಗೆನಿಝಾವನ್ನು ಮೊದಲು ಕೆದಕಿದವರ ಆಸಕ್ತಿ ಹೀಬ್ರೂ ಧರ್ಮಗ್ರಂಥಗಳಲ್ಲಿತ್ತು. ಅರಬಿ ಲಿಪಿಯ ಚೂರುಗಳು ಬಹುಕಾಲ ಬದಿಗೆ ಬಿದ್ದಿದ್ದವು. ಪ್ರಿನ್ಸ್‌ಟನ್ನಿನ ಮರೀನಾ ರಸ್ಟೋ 2020ರಲ್ಲಿ ಪ್ರಕಟಿಸಿದ ‘ದ ಲಾಸ್ಟ್ ಆರ್ಕೈವ್’ ಎಂಬ ಗ್ರಂಥ ಅವುಗಳ ಕಡೆಗೆ ಗಮನ ಸೆಳೆಯಿತು. ಫಾತಿಮೀ ಖಲೀಫರ ಆಜ್ಞಾಪತ್ರಗಳಲ್ಲಿ ಸಾಲುಗಳ ನಡುವೆ ತುಂಬಾ ಜಾಗ ಬಿಡುತ್ತಿದ್ದರು. ಆಜ್ಞೆಯ ಅವಧಿ ಮುಗಿದ ಮೇಲೆ ಆ ಕಾಗದ ತುಂಡಾಗಿ ಯಾರದೋ ಕೈಸೇರಿ, ಖಾಲಿ ಜಾಗದಲ್ಲಿ ಹೀಬ್ರೂ ಬರಹ ತುಂಬಿಕೊಳ್ಳುತ್ತಿತ್ತು. ಮುಸ್ಲಿಮ್ ರಾಜ್ಯವೊಂದರ ಕಚೇರಿ ಕಾಗದಗಳು ಹೀಗೆ ಯಹೂದಿ ಪ್ರಾರ್ಥನಾಲಯದ ಕೋಣೆಯಲ್ಲಿ ಉಳಿದುಕೊಂಡವು!

ಯಂತ್ರ ಕೊಡದ ವಸ್ತು

ಹಾಗೆಂದು ಕಂಪ್ಯೂಟರ್ ಎಲ್ಲವನ್ನೂ ಪರಿಹರಿಸಿತೆಂದು ಹೇಳುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು, ಅದರ ಡಿಜಿಟಲ್ ಹಸ್ತಪ್ರತಿಗಳು ಬಹುಕಾಲ ಓದುಗರಿಗೆ ಸಿಗದೇ ಹೋದವು. ಸಾವಿರ ವರ್ಷ ಕೋಣೆಯಲ್ಲಿ ಉಳಿದ ಕಾಗದದ ಚಿತ್ರ ಒಂದು ರಾತ್ರಿಯಲ್ಲಿ ಮರೆಯಾಗಬಲ್ಲದು. ಒಬ್ಬರು ವರ್ಷಗಟ್ಟಲೆ ಕಷ್ಟಪಟ್ಟು ಓದಿದ ಪಾಠವನ್ನು ಇನ್ನೊಬ್ಬರು ಕ್ಷಣದಲ್ಲಿ ತಮ್ಮದೆಂದು ಹೇಳಿಕೊಳ್ಳುವುದೂ ಸುಲಭ. ಆದ್ದರಿಂದ ಯಾವ ಸಾಲನ್ನು ಯಾರು ಓದಿದರು, ಯಾರು ತಿದ್ದಿದರು ಎಂಬುದನ್ನು ಹೆಸರು ಸಹಿತ ದಾಖಲಿಸುವುದು ಅಗತ್ಯ. ಬೆನ್ ಯಿಜುವಿನ ಪಾಲುದಾರರು ಪ್ರತಿ ಮೂಟೆಯ ಮುಂದೆ ಹಕ್ಕುದಾರನ ಹೆಸರು ಬರೆಯುತ್ತಿದ್ದುದು ಇದೇ ಕಾರಣಕ್ಕಲ್ಲವೇ? ಯಂತ್ರವು ದೂರವನ್ನು ಕಡಿಮೆ ಮಾಡುತ್ತದೆ. ವಿಶ್ವಾಸವನ್ನು ಮಾತ್ರ ಮನುಷ್ಯರೇ ಗಳಿಸಬೇಕು.

ಇನ್ನು ನಮ್ಮ ವಿಷಯ. ಕರಾವಳಿಯ ಎಷ್ಟೋ ಮನೆಗಳ ಅಟ್ಟಗಳಲ್ಲಿ ಹಳೆಯ ಲೆಕ್ಕದ ಪುಸ್ತಕಗಳು, ಅರಬಿ-ಮಲಯಾಳದ ಹಾಳೆಗಳು, ಗಲ್ಫಿಗೆ ಹೋದ ಮೊದಲ ತಲೆಮಾರಿನವರು ಮನೆಗೆ ಬರೆದ ಪತ್ರಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಮನೆ ಕೆಡವಿ ಹೊಸದು ಕಟ್ಟುವಾಗ ಅವು ಗುಜರಿಗೆ ಹೋಗುತ್ತವೆ. ಮಸೀದಿಗಳ ಹಳೆಯ ರಿಜಿಸ್ಟರುಗಳ ಸ್ಥಿತಿಯೂ ಹಲವೆಡೆ ಇದೇ. ಈ ಕಾಗದಗಳಲ್ಲಿ ರಾಜರ ಕಥೆಯಿಲ್ಲದಿರಬಹುದು. ಬೆನ್ ಯಿಜುವಿನ ಪತ್ರಗಳಲ್ಲೂ ರಾಜರ ಕಥೆಯಿರಲಿಲ್ಲ.

ಒಂದು ಮೊಬೈಲ್ ಫೋನಿನಿಂದ ಚಿತ್ರ ತೆಗೆಯಬಹುದು. ಊರಲ್ಲಿರುವ ತಾತನಿಗೆ ಲಿಪಿ ಗೊತ್ತು, ದುಬೈಯಲ್ಲಿರುವ ಮೊಮ್ಮಗನಿಗೆ ಯಂತ್ರ ಗೊತ್ತು, ಮೈಸೂರಿನಲ್ಲಿರುವ ಮೊಮ್ಮಗಳಿಗೆ ಇತಿಹಾಸ ಗೊತ್ತು. ಮೂವರೂ ಒಂದು ಪತ್ರವನ್ನು ಕೂಡಿ ಓದಲು ಸಾಧ್ಯವಿದೆ. ಯಾರ ಮನೆಯದು, ಯಾವ ವರ್ಷದ್ದು, ಯಾರು ಓದಿದ್ದು ಎಂದು ಬರೆದಿಡಬೇಕು. ಮನೆಯವರ ಒಪ್ಪಿಗೆ ಪಡೆಯಬೇಕು. ಪ್ರತಿಗಳನ್ನು ಎರಡು ಮೂರು ಕಡೆ ಇಡಬೇಕು. ಮೂಲ ಕಾಗದವನ್ನು ಮಾತ್ರ ಎಸೆಯಬಾರದು.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟು ಏಡನ್‌ಗೆ ಮರಳಿದ. ಮುಂದೆ ಈಜಿಪ್ಟಿಗೆ ಹೋಗುವಾಗ ಹಳೆಯ ಪತ್ರಗಳ ಕಟ್ಟನ್ನೂ ಜೊತೆಗೆ ಒಯ್ದಿರಬೇಕು. ಅವನು ಅದನ್ನು ಹೊರೆಯೆಂದು ಕಡಲಿಗೆ ಎಸೆದಿದ್ದರೆ, ಬೊಮ್ಮ ಎಂಬವನೊಬ್ಬ ಈ ನೆಲದಲ್ಲಿ ಬದುಕಿದ್ದ ಎಂಬುದು ನಮಗೆ ಇಂದು ತಿಳಿಯುತ್ತಿರಲಿಲ್ಲ.