ಭೇದಿಗೂ ಮಲಬದ್ಧತೆಗೂ ಒಂದೇ ಬೀಜ: ಇಸಬಗೋಲಿನ ಚರಿತ್ರೆ

ಇಸಬಗೋಲಿನ ಚರಿತ್ರೆ ಅದರ ಹೆಸರಿನಲ್ಲೇ ಮೊದಲಾಗುತ್ತದೆ. ಪಾರಸಿಯಲ್ಲಿ ‘ಅಸ್ಪ್’ ಎಂದರೆ ಕುದುರೆ, ‘ಗೋಲ್’ ಎಂದರೆ ಕಿವಿ. ದೋಣಿಯಂತೆ ಬಾಗಿದ ಪುಟ್ಟ ಬೀಜದ ಆಕಾರ ಕಂಡು ಇಟ್ಟ ಹೆಸರು. ಇದೇ ಕುಲದ ಇನ್ನೊಂದು ಗಿಡದ ಕಂದು ಬೀಜ ಗ್ರೀಕರ ಕಣ್ಣಿಗೆ ಚಿಗಟದಂತೆ ಕಂಡಿತು. ಪಶ್ಚಿಮದಲ್ಲಿ ಇಂದು ಬಳಸುವ ‘ಸಿಲಿಯಂ’ ಎಂಬ ಹೆಸರು ಆ ಚಿಗಟದ್ದೇ. ಕನ್ನಡಕ್ಕೆ ಬಂದದ್ದು ಕುದುರೆಕಿವಿ. ಹಕೀಮರ ಔಷಧಿಯ ಜೊತೆಗೇ ಬಂದಿರಬೇಕು ಎಂಬುದು ನನ್ನ ಊಹೆ.

ಇಂದು ಇಸಬಗೋಲು ಎಂದರೆ ಮಲಬದ್ಧತೆಯ ಮದ್ದು. ಹಿಂದೆ ಹಾಗಿರಲಿಲ್ಲ. ಯುನಾನಿ ಪದ್ಧತಿಯಲ್ಲಿ ನೆನೆಸಿದ ಬೀಜ ಕರುಳನ್ನು ಸಡಿಲಿಸಲು, ಹುರಿದ ಬೀಜ ಭೇದಿಯನ್ನು ಕಟ್ಟಲು. 1868ರಲ್ಲಿ ಎಡ್ವರ್ಡ್ ಜಾನ್ ವೇರಿಂಗ್ ಸಂಪಾದಿಸಿದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಈ ಬೀಜಕ್ಕೆ ಸ್ಥಾನ ಸಿಕ್ಕಿತು. ಆ ಕಾಲದ ಇಂಗ್ಲಿಷ್ ವೈದ್ಯರು ಅದನ್ನು ಮುಖ್ಯವಾಗಿ ನೆಚ್ಚಿದ್ದು ಹಳೆಯ ಭೇದಿಗೆ, ಆಮಶಂಕೆಗೆ. 1934ರಲ್ಲಿ ಅಮೆರಿಕದ ಸರ್ಲ್ ಕಂಪನಿ ಮಲಬದ್ಧತೆಗೆಂದು ಇಸಬಗೋಲಿನ ‘ಮೆಟಮ್ಯುಸಿಲ್’ ಮಾರುಕಟ್ಟೆಗೆ ತಂದಿತು. ಅಲ್ಲಿಂದಾಚೆ ಬೀಜದ ಒಂದು ಗುಣ ಮೆರೆಯಿತು, ಇನ್ನೊಂದು ಮರೆಯಾಯಿತು.

ಎರಡು ಗುಣಗಳಿಗೂ ಕಾರಣ ಒಂದೇ. ಬೀಜದ ಹೊಟ್ಟಿನಲ್ಲಿರುವ ಅರಬಿನೊಕ್ಸೈಲಾನ್ ಎಂಬ ನಾರು ನೀರು ಹೀರಿ ಲೋಳೆಯಾಗುತ್ತದೆ. ಕರಗುವ ನಾರುಗಳಲ್ಲಿ ಹಲವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಬೇಗ ಹುದುಗಿಸಿಬಿಡುತ್ತವೆ; ಈ ಲೋಳೆ ಬಹುಪಾಲು ಹಾಗೆಯೇ ಕೊನೆಯವರೆಗೂ ಸಾಗುತ್ತದೆ. ಗಟ್ಟಿ ಮಲದಲ್ಲಿ ನೀರು ಉಳಿಸುತ್ತದೆ, ತೆಳು ಮಲದಲ್ಲಿ ಹೆಚ್ಚಿದ ನೀರನ್ನು ಹಿಡಿಯುತ್ತದೆ. ಹಳಬರಿಗೆ ಈ ವಿವರಣೆ ಇರಲಿಲ್ಲ, ಆದರೆ ಅವರು ನೋಡಿದ್ದು ಸರಿಯಾಗಿತ್ತು. ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿದವರಿಗೆ ಈ ಲೋಳೆಯ ಪರಿಚಯ ಹೇಳಿಕೊಡಬೇಕಿಲ್ಲ.

‘ನಾರು’ ಎಂಬ ಪಟ್ಟ ಬಂದದ್ದು ತೀರ ಈಚೆಗೆ. ‘ಡಯಟರಿ ಫೈಬರ್’ ಎಂಬ ಮಾತನ್ನು ಹಿಪ್ಸ್ಲಿ ಎಂಬ ಸಂಶೋಧಕ ಬಳಸಿದ್ದು 1953ರಲ್ಲಿ, ಅದೂ ಗರ್ಭಿಣಿಯರ ಕಾಯಿಲೆಯೊಂದರ ಬಗ್ಗೆ ಬರೆಯುವಾಗ. ಉಗಾಂಡಾದಲ್ಲಿ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್ 1972ರಲ್ಲಿ ಸಂಗಡಿಗರೊಡನೆ ‘ಲ್ಯಾನ್ಸೆಟ್’ನಲ್ಲಿ ನಾರು, ಮಲ, ರೋಗಗಳ ನಂಟನ್ನು ಮುಂದಿಟ್ಟ ಮೇಲೆ ಆ ಮಾತು ಮನೆಮನೆಗೆ ಹರಡಿತು. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದಿನಕ್ಕೆ 7 ಗ್ರಾಂ ಕರಗುವ ನಾರು ಇಸಬಗೋಲಿನ ಹೊಟ್ಟಿನಿಂದ ದೊರೆತರೆ ಹೃದ್ರೋಗದ ಅಪಾಯ ತಗ್ಗಬಹುದೆಂದು ಪೊಟ್ಟಣದ ಮೇಲೆ ಬರೆಯಲು ಅನುಮತಿ ಕೊಟ್ಟಿತು. ಒಂದು ಲೋಟ ತುಂಬ ನೀರಿನೊಡನೆ ಕುಡಿಯಬೇಕೆಂಬ ಎಚ್ಚರಿಕೆಯೂ ಅಷ್ಟೇ ಮುಖ್ಯ. ನೀರು ಸಾಲದಿದ್ದರೆ ಹೊಟ್ಟು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಈ ಬೀಜದ ದೊಡ್ಡ ಪೇಟೆ ಗುಜರಾತಿನ ಮೆಹಸಾಣಾ ಜಿಲ್ಲೆಯ ಊಂಝಾ. ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಮಾತ್ರ ಹೊಟ್ಟು. ಹಿಂಗಾರಿನ ಈ ಬೆಳೆಯನ್ನು ಬೀಜ ಉದುರದಿರಲೆಂದು ಬೆಳಗಿನ ಇಬ್ಬನಿ ಆರಿದ ಮೇಲೆಯೇ ಕೊಯ್ಯುತ್ತಾರೆ. ಮಾಗಿದ ತೆನೆಯ ಮೇಲೆ ಮಳೆ ಬಿದ್ದರೆ ಕಾಳು ನಿಂತಲ್ಲೇ ನೀರು ಕುಡಿದು ಉಬ್ಬಿ ಉದುರಿಹೋಗುತ್ತದೆ. ರೋಗಿಯ ಕರುಳಿಗೆ ಒದಗುವ ಆ ನೀರಡಿಕೆಗೇ ಫೆಬ್ರವರಿ, ಮಾರ್ಚಿನಲ್ಲಿ ಅಲ್ಲಿನ ರೈತ ಹೆದರುತ್ತ ಮುಗಿಲು ನೋಡುತ್ತಾನೆ.