ಮೃಗಾಲಯ ಪ್ರಾಣಿಗಳಿಗೆ ಜೈಲೇ, ಆಸರೆಯೇ? ಎರಡೂ ಫಾರ್ವರ್ಡ್‌ಗಳ ಅಸಲಿಯತ್ತು

ರಜೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಒಂದು: "ಮೃಗಾಲಯ ಅಂದ್ರೆ ಜೈಲು, ಎಲ್ಲಾ ಪ್ರಾಣಿಗಳನ್ನೂ ಕಾಡಿಗೆ ಬಿಡಿ." ಇನ್ನೊಂದು: "ಅಲ್ಲಿ ಊಟ, ಔಷಧಿ ಎಲ್ಲಾ ಸಿಗುತ್ತೆ, ಕಾಡಿಗಿಂತ ಸುಖ." ಕಮಲಾಪುರದಿಂದ ಬಸ್ ಹತ್ತಿ ಸೂಪರ್ ಮಾರ್ಕೆಟ್‌ನಲ್ಲಿ ಇಳಿದು, ಸಂತೆ ಮುಗಿಸಿ ಮಕ್ಕಳಿಗೆ ಕಲಬುರಗಿಯ ಕಿರು ಮೃಗಾಲಯ ತೋರಿಸಬೇಕೆನ್ನುವ ಅಪ್ಪ-ಅಮ್ಮಂದಿರಿಗೆ ಯಾವುದನ್ನು ನಂಬಬೇಕು ಎಂಬ ಗೊಂದಲ ಸಹಜ. ಎರಡನ್ನೂ ಒಂದೊಂದಾಗಿ ನೋಡೋಣ.

ಹೇಳಿಕೆ 1: ಮೃಗಾಲಯದಲ್ಲಿ ಪ್ರಾಣಿಗಳ ಆಯಸ್ಸು ಕಡಿಮೆ

ಇದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 50ಕ್ಕೂ ಹೆಚ್ಚು ಜಾತಿಯ ಸಸ್ತನಿಗಳನ್ನು ಹೋಲಿಸಿ ನೋಡಿತು. ಶೇ 80ಕ್ಕಿಂತ ಹೆಚ್ಚು ಜಾತಿಗಳು ಕಾಡಿಗಿಂತ ಮೃಗಾಲಯದಲ್ಲೇ ಹೆಚ್ಚು ಕಾಲ ಬದುಕಿದ್ದವು. ಬೇಟೆಗಾರ ಪ್ರಾಣಿಗಳ ಕಾಟವಿಲ್ಲ, ಬರಗಾಲವಿಲ್ಲ, ಕಾಯಿಲೆ ಬಿದ್ದರೆ ವೈದ್ಯರಿದ್ದಾರೆ. ಸಣ್ಣ ಪ್ರಾಣಿಗಳಿಗೆ ಇದರ ಲಾಭ ಹೆಚ್ಚು.

ಆನೆಯ ಲೆಕ್ಕ ಬೇರೆ. 2008ರ ಅಧ್ಯಯನವೊಂದರ ಪ್ರಕಾರ ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು ಸುಮಾರು 19 ವರ್ಷ. ಮ್ಯಾನ್ಮಾರ್‌ನಲ್ಲಿ ಮರ ಎಳೆಯುವ ಕೆಲಸದ ಆನೆಗಳದ್ದು ಸುಮಾರು 42 ವರ್ಷ. ದುಡಿಯುವ ಆನೆಗಿಂತ ಕೂತು ತಿನ್ನುವ ಆನೆಯೇ ಬೇಗ ಸಾಯುತ್ತಿತ್ತು. ಭಾರತದ ಕೇಂದ್ರ ಮೃಗಾಲಯ ಪ್ರಾಧಿಕಾರ ಕೂಡ ಮೃಗಾಲಯಗಳಲ್ಲಿರುವ ಆನೆಗಳನ್ನು ಅರಣ್ಯದ ಆನೆ ಶಿಬಿರಗಳಿಗೆ ಕಳಿಸುವಂತೆ 2009ರಲ್ಲಿ ಸೂಚಿಸಿತ್ತು.

ಹೇಳಿಕೆ 2: ಹೊಟ್ಟೆ ತುಂಬಿದರೆ ಪ್ರಾಣಿ ಸುಖವಾಗಿರುತ್ತದೆ

ಇದು ತಪ್ಪು. ಪಂಜರದೊಳಗೆ ಚಿರತೆ ಅದೇ ದಾರಿಯಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇರುವುದನ್ನು ನೀವು ನೋಡಿರಬಹುದು. ಕರಡಿ ನಿಂತಲ್ಲೇ ತಲೆ ಆಡಿಸುತ್ತಿರುತ್ತದೆ. ಜನ ಅದನ್ನು "ಡ್ಯಾನ್ಸ್" ಎಂದು ವಿಡಿಯೋ ಮಾಡಿ ಹಂಚುತ್ತಾರೆ. ಅದು ಡ್ಯಾನ್ಸ್ ಅಲ್ಲ. ಮಾಡಲು ಕೆಲಸವಿಲ್ಲದೆ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ ಬರುವ ಒತ್ತಡದ ಲಕ್ಷಣ. ಕಾಡಿನಲ್ಲಿ ಬಹುದೂರ ಅಲೆಯುವ ಮಾಂಸಾಹಾರಿಗಳಲ್ಲಿ ಇದು ಹೆಚ್ಚು ಎಂದು 2003ರ ಸಂಶೋಧನೆಯೊಂದು ತೋರಿಸಿದೆ.

ಒಂದೇ ಜಾಗದಲ್ಲಿ ಹಲವು ಪ್ರಾಣಿಗಳಿದ್ದರೆ ರೋಗವೂ ಬೇಗ ಹಬ್ಬುತ್ತದೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ವೈರಸ್ ಸೋಂಕಿನಿಂದ 7 ಚಿರತೆ ಮರಿಗಳು ಸತ್ತವು. 2025ರ ನವೆಂಬರ್‌ನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಬಲಿಯಾದವು. ಕಾರಣ, ನಮ್ಮ ರೈತರು ದನ-ಎಮ್ಮೆಗಳಲ್ಲಿ ಕಂಡಿರುವ ಅದೇ ಗಳಲೆ ರೋಗ.

ಹೇಳಿಕೆ 3: ಹಾಗಾದರೆ ಎಲ್ಲವನ್ನೂ ಕಾಡಿಗೆ ಬಿಟ್ಟುಬಿಡಿ

ಇದು ಕೇಳಲು ಚೆಂದ, ಮಾಡಿದರೆ ಪ್ರಾಣಿಗೇ ಅಪಾಯ. ಮನುಷ್ಯರ ಕೈಯಲ್ಲಿ ಬೆಳೆದ ಚಿರತೆಗೆ ಬೇಟೆ ಬರುವುದಿಲ್ಲ, ಜನರ ಭಯವೂ ಇರುವುದಿಲ್ಲ. ಹಸಿದಾಗ ಅದು ಊರಿಗೇ ಬರುತ್ತದೆ. ಆಮೇಲೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಮರೆಯಬಾರದು. ಸರ್ಕಸ್‌ಗಳಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಆಡಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪ್ರಾಣಿಗಳಿಗೆ, ಬೀದಿಯಲ್ಲಿ ಕುಣಿಯುತ್ತಿದ್ದ ಕರಡಿಗಳಿಗೆ ಬನ್ನೇರುಘಟ್ಟದಂಥ ಕಡೆಯೇ ನೆಲೆ ಸಿಕ್ಕಿತು. ಹಲ್ಲು ಕಿತ್ತ, ಮೂಗು ಚುಚ್ಚಿದ ಕರಡಿಯನ್ನು ಯಾವ ಕಾಡಿಗೆ ಬಿಡುವುದು?

ಹೇಳಿಕೆ 4: ಮೃಗಾಲಯಗಳಿಂದಲೇ ಪ್ರಾಣಿ ಸಂತತಿ ಉಳಿಯುತ್ತದೆ

ಕೆಲವು ಉಳಿದಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1987ರಲ್ಲಿ ಇಡೀ ಜಗತ್ತಿನಲ್ಲಿ 27 ಮಾತ್ರ ಇತ್ತು. ಎಲ್ಲವನ್ನೂ ಹಿಡಿದು ಮೃಗಾಲಯಗಳಲ್ಲಿ ಮರಿ ಮಾಡಿಸಿದರು. ಈಗ 500 ದಾಟಿದೆ, ನೂರಾರು ಹಕ್ಕಿಗಳು ಮತ್ತೆ ಬಾನಿನಲ್ಲಿ ಹಾರುತ್ತಿವೆ. ಆದರೆ ಇಂಥ ಉದಾಹರಣೆಗಳು ಕಡಿಮೆ. ಬಹುಪಾಲು ಮೃಗಾಲಯಗಳ ಬಹುಪಾಲು ಪ್ರಾಣಿಗಳು ಕಾಡಿಗೆ ಮರಳುವುದಿಲ್ಲ. ಕಾಡು ಉಳಿಸುವುದಕ್ಕೆ ಮೃಗಾಲಯ ಬದಲಿ ಅಲ್ಲ.

ನಮ್ಮ ತೀರ್ಮಾನ

ಎರಡೂ ಫಾರ್ವರ್ಡ್‌ಗಳು ಅರ್ಧ ಸತ್ಯ. ಮೃಗಾಲಯ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಅಲ್ಲಿ ಯಾವ ಪ್ರಾಣಿ ಇದೆ, ಎಷ್ಟು ಜಾಗ ಇದೆ, ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. 40 ಡಿಗ್ರಿ ದಾಟುವ ನಮ್ಮ ಕಲಬುರಗಿಯ ಬೇಸಿಗೆಯಲ್ಲಂತೂ ನೆರಳು, ನೀರು, ತಂಪಿಲ್ಲದ ಪಂಜರ ಶಿಕ್ಷೆಯೇ ಸರಿ.

ಹೋದಾಗ ಇಷ್ಟು ಗಮನಿಸಿ:

• ಪ್ರಾಣಿಗೆ ಜನರ ಕಣ್ಣಿನಿಂದ ಮರೆಯಾಗುವ ಜಾಗ ಇದೆಯೇ? ಇದ್ದು, ಅದು ಒಳಗೇ ಕೂತರೆ "ದುಡ್ಡು ದಂಡ" ಎನ್ನಬೇಡಿ. ಅದು ಒಳ್ಳೆಯ ಮೃಗಾಲಯದ ಗುರುತು.

• ಹತ್ತಲು, ಅಗೆಯಲು, ಹುಡುಕಿ ತಿನ್ನಲು ಏನಾದರೂ ಇಟ್ಟಿದ್ದಾರೆಯೇ?

• ಕುಡಿಯುವ ನೀರು ಶುದ್ಧವಾಗಿದೆಯೇ, ನೆರಳಿದೆಯೇ?

• ಕಮಲಾಪುರದ ಕೆಂಪು ಬಾಳೆಹಣ್ಣು ಎಷ್ಟೇ ರುಚಿಯಾಗಿದ್ದರೂ ಮಂಗಕ್ಕೆ ಎಸೆಯಬೇಡಿ. ಮೃಗಾಲಯದ ಪ್ರಾಣಿಗೆ ತಿನ್ನಿಸುವುದು, ಕೆಣಕುವುದು, ಕೂಗಿ ಗಲಾಟೆ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಗಾಯಗೊಂಡ ಅಥವಾ ತೀರಾ ಬಳಲಿದ ಪ್ರಾಣಿ ಕಂಡರೆ ವಿಡಿಯೋ ಮಾಡಿ ಗುಂಪಿಗೆ ಹಾಕುವ ಮೊದಲು ಅಲ್ಲಿನ ಸಿಬ್ಬಂದಿಗೆ ತಿಳಿಸಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಫಾರ್ವರ್ಡ್ ಆಮೇಲೆ ಮಾಡಿದರೂ ನಡೆಯುತ್ತದೆ.