ಕಬ್ಬಿಣ ತಂದವರು ಯಾರು?

ನೆಲದಡಿಯಲ್ಲಿ ಹೊಸ ಬಗೆಯ ಉಪಕರಣವೊಂದು ಸಿಕ್ಕಾಗ ನಾವು ಕೇಳುವ ಮೊದಲ ಪ್ರಶ್ನೆ: ಇದನ್ನು ತಂದವರು ಯಾರು? ಆ ಪ್ರಶ್ನೆಯಲ್ಲೇ ಒಂದು ಉತ್ತರ ಅಡಗಿದೆ. ಹೊಸತು ಹೊರಗಿನಿಂದಲೇ ಬಂದಿರಬೇಕು, ಇದ್ದವರು ಹಳತಿಗೇ ಜೋತುಬಿದ್ದಿರಬೇಕು ಎಂಬ ಉತ್ತರ. ಪುರಾತತ್ವಶಾಸ್ತ್ರವೂ ಬಹುಕಾಲ ಹೀಗೆಯೇ ಯೋಚಿಸಿತು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದವರು ಮಾರ್ಟಿಮರ್ ವೀಲರ್. ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳಿದ್ದವು. ಮೇಲಿನವುಗಳಲ್ಲಿ ಕಬ್ಬಿಣ ಮತ್ತು ಕಪ್ಪು-ಕೆಂಪು ಮಡಕೆಗಳು. ಕ್ರಿ.ಪೂ. 200ರ ಸುಮಾರಿಗೆ ಕಬ್ಬಿಣ ಬಲ್ಲ, ಬೃಹತ್ ಶಿಲಾಗೋರಿಗಳನ್ನು ಕಟ್ಟುವ ಹೊಸ ಜನ ಇಲ್ಲಿಗೆ ಬಂದರೆಂದು ವೀಲರ್ ವಿವರಿಸಿದರು. ಆದರೆ ಅವರ ಅಗೆತದಲ್ಲೇ ಎರಡೂ ಕಾಲದ ವಸ್ತುಗಳು ನಡುವಿನ ಪದರಗಳಲ್ಲಿ ಬೆರೆತು ಸಿಕ್ಕಿದ್ದವು.

1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದರು. ಇಂಥದೇ ಬೆರಕೆಯ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ದೊರೆತವು. ಆ ಪದರದ ಇದ್ದಿಲನ್ನು ಇಂಗಾಲ-14ರ ಪರೀಕ್ಷೆಗೆ ಒಳಪಡಿಸಿದಾಗ ಬಂದ ಕಾಲ ಸುಮಾರು ಕ್ರಿ.ಪೂ. 1000. ವೀಲರರ ಲೆಕ್ಕ ಒಮ್ಮೆಲೇ ಎಂಟುನೂರು ವರ್ಷ ಹಿಂದಕ್ಕೆ ಸರಿಯಿತು.

ಹಾಗಾದರೆ ಬದಲಾವಣೆ ಹೇಗಾಯಿತು? ಇಂದಿನ ವಿದ್ವಾಂಸರು ಒಂದೇ ಕಾರಣ ಹೇಳುವುದಿಲ್ಲ. ಕಂಚಿಗೆ ಬೇಕಾದ ತವರ ದಕ್ಷಿಣದಲ್ಲಿ ವಿರಳ. ಕಬ್ಬಿಣದ ಅದಿರು ಧಾರಾಳ. ಮಡಕೆ ಸುಡುತ್ತಿದ್ದವರಿಗೆ ಬೆಂಕಿಯನ್ನು ಹದದಲ್ಲಿಡುವುದು ಗೊತ್ತಿತ್ತು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಗುಡ್ಡದ ಕಲ್ಲು ಒಡೆದು ರಾಶಿ ರಾಶಿ ಕೊಡಲಿ ಮಾಡುತ್ತಿದ್ದ ಕುಶಲಕರ್ಮಿಗಳ ಪರಂಪರೆಯೇ ಇತ್ತು. ಕಬ್ಬಿಣ ಬಂದ ಮರುದಿನ ಯಾರೂ ಕಲ್ಲಿನ ಕೊಡಲಿಯನ್ನು ಎಸೆಯಲಿಲ್ಲ. ಕೆಲಸಕ್ಕೆ ಬರುವಷ್ಟು ಕಾಲ ಎರಡೂ ಒಂದೇ ಮನೆಯಲ್ಲಿದ್ದವು.

ಹೊರಗಿನಿಂದ ಏನೂ ಬರಲಿಲ್ಲ ಎನ್ನುವುದೂ ಅಷ್ಟೇ ಆತುರದ ಮಾತು. ಜನರೊಂದಿಗೆ, ಸರಕಿನೊಂದಿಗೆ ಕಸುಬೂ ಪ್ರಯಾಣ ಮಾಡುತ್ತದೆ. 2025ರಲ್ಲಿ ತಮಿಳುನಾಡು ಸರ್ಕಾರದ ವರದಿಯೊಂದು ಅಲ್ಲಿನ ಕಬ್ಬಿಣದ ಕಾಲವನ್ನು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನಕ್ಕೆ ಒಯ್ದಿತು. ಅದರ ಮೇಲೆ ಚರ್ಚೆ ನಡೆದಿದೆ. ಅಷ್ಟರಲ್ಲೇ 'ನಾವೇ ಮೊದಲಿಗರು' ಎಂಬ ಘೋಷಣೆಯೂ ಕೇಳಿಬಂತು.

ಮೊದಲಿಗರು ಯಾರೆಂಬ ಜಗಳದಲ್ಲಿ ನಾವು ಮರೆಯುವುದು ತಿದಿಯೊತ್ತಿದ ಕೈಗಳನ್ನು. ಆ ಕೈಗಳು ಯಾರಿಂದ ಕಲಿತವೋ ಯಾರಿಗೆ ಕಲಿಸಿದವೋ, ಮಣ್ಣು ಹೆಸರುಗಳನ್ನು ಉಳಿಸಿಲ್ಲ. ಉಳಿಸಿರುವುದು ಬೆರಕೆಯ ಪದರವನ್ನು. ಇತಿಹಾಸವನ್ನು ಒಳಗಿನವರು, ಹೊರಗಿನವರು ಎಂದು ಸೀಳುವ ಮುನ್ನ ನಾವು ಆ ಪದರವನ್ನೊಮ್ಮೆ ನೋಡಬೇಕು.